+4 ಮತ್ತು −1: ವಿದ್ಯುತ್ ಕ್ಷೇತ್ರದ ಚಿತ್ರ ಬಿಡಿಸಿದ ನನ್ನ ಅನುಭವ

ಸೆಕೆಂಡ್ ಪಿಯುಸಿ ಭೌತಶಾಸ್ತ್ರದ ಮೊದಲ ಪಾಠದಲ್ಲೇ ಕ್ಷೇತ್ರರೇಖೆಗಳು, ಅಂದರೆ ವಿದ್ಯುತ್ ಕ್ಷೇತ್ರದ ದಿಕ್ಕು ತೋರಿಸುವ ಗೆರೆಗಳು, ಬರುತ್ತವೆ. ಒಂಟಿ ಆವೇಶ, ಎರಡು ಸಮಾನ ಧನಾವೇಶ, ಡೈಪೋಲ್ (ಸಮಾನ ಧನ-ಋಣ ಜೋಡಿ). ಈ ಮೂರು ಚಿತ್ರ ಮಕ್ಕಳಿಗೆ ಬಾಯಿಪಾಠ. ಎಡಬಲ ಒಂದೇ ತೆರನಾಗಿರುವುದರಿಂದ ಏನೂ ಅರ್ಥವಾಗದೆಯೂ ಬಿಡಿಸಿ ಮಾರ್ಕ್ಸ್ ತೆಗೆಯಬಹುದು. ಅದಕ್ಕೇ ನಾನು ಪಾಠ ಮಾಡುವಾಗ ಅಸಮ ಜೋಡಿ ತೆಗೆದುಕೊಳ್ಳುತ್ತೇನೆ: +4 ನ್ಯಾನೋಕೂಲಂಬ್ (ಆವೇಶದ ಅಳತೆ), ಅದರ ಬಲಕ್ಕೆ 10 ಸೆಂ.ಮೀ. ದೂರದಲ್ಲಿ −1 ನ್ಯಾನೋಕೂಲಂಬ್.

ಲ್ಯಾಪ್‌ಟಾಪ್ ತೆರೆಯುವ ಮೊದಲು ಕಾಗದದ ಮೇಲೆ ಸಣ್ಣ ಲೆಕ್ಕ ಆಗಲೇಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಏನು ಬಿಡಿಸಿದರೂ ಸರಿಯೆಂದೇ ಕಾಣುತ್ತದೆ. ಕ್ಷೇತ್ರ ಸೊನ್ನೆಯಾಗುವುದು −1ರ ಆಚೆ, +4ರಿಂದ 20 ಸೆಂ.ಮೀ. ದೂರದಲ್ಲಿ. ಆವೇಶ ನಾಲ್ಕು ಪಟ್ಟು, ದೂರ ಎರಡು ಪಟ್ಟು; ಎರಡೂ ಮೀಟರಿಗೆ 900 ವೋಲ್ಟ್ ಕೊಡುತ್ತವೆ, ಎದುರುಬದುರು ದಿಕ್ಕಿನಲ್ಲಿ. ಬಹಳ ದೂರ ಹೋದಮೇಲೆ ಇಡೀ ಜೋಡಿ ಒಂದೇ ಒಂದು +3ರಂತೆ ಕಾಣಬೇಕು. ಆ +3 ಇದ್ದಂತೆ ತೋರುವ ಜಾಗ ಎರಡು ಆವೇಶಗಳ ನಡುವೆ ಅಲ್ಲ, +4ರ ಎಡಕ್ಕೆ ಸುಮಾರು 3.3 ಸೆಂ.ಮೀ. ಹೊರಗೆ!

ಮೊದಲು ಬಾಣಗಳ ಚಿತ್ರ. ಪೈಥಾನ್‌ನ ಚಿತ್ರ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇದಕ್ಕೆ ಕ್ವಿವರ್ ಎಂಬ ಆಜ್ಞೆ ಇದೆ. ಬಾಣದ ಉದ್ದವೇ ಕ್ಷೇತ್ರದ ಬಲ ಎಂದು ಬಿಟ್ಟರೆ ಚಿತ್ರ ಕೆಡುತ್ತದೆ. +4ರಿಂದ 1 ಸೆಂ.ಮೀ.ನಲ್ಲಿ ಅದರ ಕ್ಷೇತ್ರ ಮೀಟರಿಗೆ 3,60,000 ವೋಲ್ಟ್, 20 ಸೆಂ.ಮೀ.ನಲ್ಲಿ 900. ನಾನೂರು ಪಟ್ಟು ವ್ಯತ್ಯಾಸ. ನಡುವೆ ಒಂದೆರಡು ದೈತ್ಯ ಬಾಣ, ಉಳಿದದ್ದೆಲ್ಲ ಚುಕ್ಕಿ. ಹಾಗಾಗಿ ಎಲ್ಲ ಬಾಣಗಳನ್ನೂ ಒಂದೇ ಉದ್ದಕ್ಕೆ ತಂದು, ಬಲವನ್ನು ಲಾಗ್ ಅಳತೆಯ (ಪ್ರತಿ ಹತ್ತು ಪಟ್ಟಿಗೂ ಒಂದೇ ಅಂತರದ) ಬಣ್ಣದಲ್ಲಿ ತೋರಿಸುತ್ತೇನೆ. ಎರಡೂ ಅಕ್ಷಗಳ ಅಳತೆ ಸಮ ಇರಲಿ. ಇಲ್ಲದಿದ್ದರೆ ಸಮವಿಭವ ರೇಖೆಗಳನ್ನು (ವೋಲ್ಟ್ ಒಂದೇ ಇರುವ ಬಿಂದುಗಳ ಗೆರೆಗಳನ್ನು) ಕ್ಷೇತ್ರರೇಖೆಗಳು ಲಂಬವಾಗಿ ದಾಟುವುದೇ ಕಾಣುವುದಿಲ್ಲ.

ರೇಖೆಗಳಿಗೆ ಸ್ಟ್ರೀಮ್‌ಪ್ಲಾಟ್ ಇದೆ, ನೋಡಲು ಚಂದ. ಆದರೆ ಅದು ಕಣ್ಣಿಗೆ ಹಿತವಾಗುವಂತೆ ರೇಖೆಗಳನ್ನು ಸಮವಾಗಿ ಹರಡುತ್ತದೆ, ಒತ್ತಾದ ಕಡೆ ರೇಖೆಯನ್ನು ನಡುದಾರಿಯಲ್ಲೇ ತುಂಡರಿಸುತ್ತದೆ. ಖಾಲಿ ಜಾಗದಲ್ಲಿ ರೇಖೆ ಮುಗಿಯಿತು ಎಂದರೆ ಅಲ್ಲೊಂದು ಋಣಾವೇಶ ಇದೆ ಎಂದ ಹಾಗಾಯಿತು. ಮ್ಯಾಟ್‌ಪ್ಲಾಟ್‌ಲಿಬ್‌ನ 3.6ನೇ ಆವೃತ್ತಿಯಿಂದ ಈ ತುಂಡರಿಸುವಿಕೆಯನ್ನು ನಿಲ್ಲಿಸುವ ಆಯ್ಕೆ ಬಂದಿದೆ, ನಿಜ. ಆದರೂ ಪಾಠಕ್ಕೆ ನಾನು ರೇಖೆಗಳನ್ನು ಸ್ವತಃ ಎಳೆಯುವವನು. +4ರ ಸುತ್ತ ಪುಟ್ಟ ವೃತ್ತ, ಅದರ ಮೇಲೆ 15 ಡಿಗ್ರಿಗೊಂದರಂತೆ 24 ಬಿಂದು, ಪ್ರತಿ ಬಿಂದುವಿನಿಂದ ಕ್ಷೇತ್ರದ ದಿಕ್ಕಿನಲ್ಲಿ ಸಣ್ಣ ಸಣ್ಣ ಹೆಜ್ಜೆ. −1ರ ಹತ್ತಿರ ಬಂದರೆ ಅಥವಾ ಚೌಕಟ್ಟು ದಾಟಿದರೆ ನಿಲ್ಲಿಸುವುದು. ಮೊದಲ ಬಿಂದುವನ್ನು ಸೊನ್ನೆ ಡಿಗ್ರಿಯ ಬದಲು 7.5 ಡಿಗ್ರಿಯಲ್ಲಿಡುತ್ತೇನೆ, ಕಾರಣ ಮುಂದೆ ಗೊತ್ತಾಗುತ್ತದೆ.

ಈಗ ಎಣಿಸಿ ಎನ್ನುತ್ತೇನೆ. ರೇಖೆಗಳ ಸಂಖ್ಯೆ ಆವೇಶಕ್ಕೆ ತಕ್ಕಂತೆ ಎಂದು ಎಲ್ಲರೂ ಓದಿರುತ್ತಾರೆ. 24ರಲ್ಲಿ ಕಾಲುಭಾಗ, ಅಂದರೆ 6 ರೇಖೆ −1ಕ್ಕೆ ಹೋಗಬೇಕು. ಪರದೆಯ ಮೇಲೆ ಹೋಗುವುದು 8. ಹಿಂದಿನ ಬೆಂಚಿನಿಂದ “ಸರ್, ಪ್ರೋಗ್ರಾಂ ತಪ್ಪು” ಅನ್ನುವ ದನಿ ಬಂದೇ ಬರುತ್ತದೆ.

ಪ್ರೋಗ್ರಾಂ ಸರಿಯಾಗೇ ಇದೆ. ಕ್ಷೇತ್ರ ಇರುವುದು ಮೂರು ಆಯಾಮದಲ್ಲಿ, ಕಾಗದ ಅದರ ಒಂದು ಹೋಳು ಮಾತ್ರ. +4ರಿಂದ ಹೊರಟ ಹರಿವಿನಲ್ಲಿ ಕಾಲುಭಾಗ −1ಕ್ಕೆ ಸೇರಬೇಕು ಎಂದರೆ, ಎರಡೂ ಆವೇಶಗಳನ್ನು ಸೇರಿಸುವ ನಡುಗೆರೆಯಿಂದ 60 ಡಿಗ್ರಿಯೊಳಗಿನ ಶಂಕುವಿನಲ್ಲಿ ಹೊರಟದ್ದೆಲ್ಲ ಅಲ್ಲಿಗೆ ಹೋಗಬೇಕು. +4ನ್ನು ಕಲ್ಲಂಗಡಿಯ ನಟ್ಟನಡುವೆ ಇಟ್ಟಂತೆ ಊಹಿಸಿದರೆ, ಆ ಶಂಕು ಮುಚ್ಚುವುದು ಸಿಪ್ಪೆಯ ಕಾಲುಭಾಗ. ಹಣ್ಣನ್ನು ನಡುವೆ ಹೋಳು ಮಾಡಿ ಅಂಚು ನೋಡಿದರೆ 360ರಲ್ಲಿ 120 ಡಿಗ್ರಿ, ಮೂರನೇ ಒಂದು ಭಾಗ. 24ರ ಮೂರನೇ ಒಂದು ಭಾಗ 8. ಸರಿಯಾಗಿ 60 ಡಿಗ್ರಿಯಲ್ಲಿ ಹೊರಟ ರೇಖೆ ನೇರ ಆ ಸೊನ್ನೆ ಬಿಂದುವಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ, 7.5ರಿಂದ ಶುರು ಮಾಡುವುದು ಅದನ್ನು ತಪ್ಪಿಸಲು.

ಇನ್ನೂ ಮಜಾ ಇರುವುದು −1ರ ಬಲಗಡೆ. ಅಲ್ಲಿ ಸುಮಾರು 111 ಡಿಗ್ರಿಯಷ್ಟು ಅಗಲಕ್ಕೆ ಒಂದೂ ರೇಖೆ ಬಂದು ಸೇರುವುದಿಲ್ಲ. ಕ್ಷೇತ್ರ ದುರ್ಬಲ ಅಂದುಕೊಳ್ಳುವುದು ಸಹಜ. ಲೆಕ್ಕ ಹಾಕಿಸಿದರೆ, −1ರಿಂದ 1 ಸೆಂ.ಮೀ. ಬಲಕ್ಕೆ ಮೀಟರಿಗೆ ಸುಮಾರು 87,000 ವೋಲ್ಟ್, ಅಷ್ಟೇ ಎಡಕ್ಕೆ, ರೇಖೆಗಳು ಕಿಕ್ಕಿರಿದ ಕಡೆ, 94,000. ಅಂಥ ಅಂತರವೇನಲ್ಲ. ಬಲ ಎಷ್ಟಿದೆ ಎಂದು ತಿಳಿಯಲು ಬಣ್ಣ ನೋಡಿ, ರೇಖೆಗಳ ಒತ್ತೊತ್ತನ್ನು ನಂಬಬೇಡಿ ಎಂದು ಇಲ್ಲಿಂದ ಮುಂದೆ ನಾನು ಹೇಳಬೇಕಾಗಿಲ್ಲ.

ಸಮವಿಭವ ರೇಖೆಗಳನ್ನು ಸೇರಿಸಿದಾಗ ಇನ್ನೊಂದು ಗೊಂದಲ ಹೋಗುತ್ತದೆ: ಕ್ಷೇತ್ರ ಸೊನ್ನೆಯಾದಲ್ಲಿ ವಿಭವವೂ ಸೊನ್ನೆ ಎಂಬುದು. ಸೊನ್ನೆ ವೋಲ್ಟಿನ ರೇಖೆ −1ನ್ನು ಸುತ್ತುವ ಒಂದು ವೃತ್ತ, +4ರಿಂದ 8 ಸೆಂ.ಮೀ.ನಲ್ಲೂ 13.3 ಸೆಂ.ಮೀ.ನಲ್ಲೂ ನಡುಗೆರೆಯನ್ನು ದಾಟುತ್ತದೆ. ಕ್ಷೇತ್ರ ಸೊನ್ನೆಯಾಗುವ 20 ಸೆಂ.ಮೀ.ನಲ್ಲಿ ವಿಭವ 90 ವೋಲ್ಟ್.

ಮನೆಯಲ್ಲಿ ಮಾಡುವವರಿಗೆ ಒಂದು ಮಾತು: +2 ಮತ್ತು −1ರಿಂದ ಶುರು ಮಾಡಬೇಡಿ. ಆ ಜೋಡಿಗೆ ಶಂಕುವಿನ ಕೋನ ಸರಿಯಾಗಿ 90 ಡಿಗ್ರಿ. ಗೋಳದಲ್ಲೂ ಅರ್ಧ, ವೃತ್ತದಲ್ಲೂ ಅರ್ಧ. 24ರಲ್ಲಿ 12 ರೇಖೆ ಸಲೀಸಾಗಿ −1ಕ್ಕೆ ಸೇರಿ, ಎಣಿಕೆ ತಾಳೆಯಾಗಿಬಿಡುತ್ತದೆ. +9 ಮತ್ತು −1 ಹಾಕಿ. ಕೋನದ ಕೊಸೈನ್ 7/9, ಅಂದರೆ ಸುಮಾರು 39 ಡಿಗ್ರಿ ಬರಬೇಕು. ಮೊದಲು ಕಾಗದದ ಮೇಲೆ ಬರೆದಿಟ್ಟುಕೊಂಡು ಆಮೇಲೆ ರನ್ ಮಾಡಿ.