ಒಂದೇ ಗೂಡು, ಮೂವರ ಕಣ್ಣು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಸುತ್ತ ಹೆಣೆದ ನನ್ನ ಕಾದಂಬರಿಯ ಕಥೆ ಮೂವರ ಮೂಲಕ ಸಾಗುತ್ತದೆ: ಹುಳು ಮೇಯಿಸುವ ರೈತ, ಅವನ ಸೊಸೆ ಮತ್ತು ಗೂಡು ಕೊಂಡು ನೂಲು ತೆಗೆಸುವ ರೀಲರ್. ಅಧ್ಯಾಯಗಳನ್ನು ಸರದಿಯಂತೆ ಹಂಚಿ, ಪ್ರತಿಯೊಂದರ ತಲೆಯ ಮೇಲೆ ಆಯಾ ಪಾತ್ರದ ಹೆಸರು ಬರೆದರೆ ಸಾಕೆಂದು ನಂಬಿ ಮೊದಲ ಕರಡನ್ನು ಮುಗಿಸಿದ್ದೆ. ಅದನ್ನು ಓದಿದ ಗೆಳೆಯರೊಬ್ಬರು ಆ ಹೆಸರುಗಳ ಮೇಲೆಲ್ಲ ಕಾಗದದ ಚೂರು ಅಂಟಿಸಿ ಹಿಂದಿರುಗಿಸಿ, "ಯಾವುದು ಯಾರದೆಂದು ಈಗ ನೀವೇ ಹೇಳಿ" ಎಂದರು. ಬರೆದ ನನಗೇ ಹೇಳಲಾಗಲಿಲ್ಲ. ಮೂವರಿಗೂ ನಂದಿಬೆಟ್ಟದ ಮಂಜು ಒಂದೇ ರೀತಿ ಚೆಂದ ಕಾಣುತ್ತಿತ್ತು. ಅದು ನನಗೆ ಕಂಡ ಚೆಂದವಾಗಿತ್ತು.

ತಿದ್ದುವ ಕೆಲಸವನ್ನು ಹರಾಜಿನ ದೃಶ್ಯದಿಂದ ಆರಂಭಿಸಿದೆ. ರೀಲರ್ ಒಂದು ಗೂಡನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾನೆ, ಹೆಬ್ಬೆರಳಿನಿಂದ ಒತ್ತುತ್ತಾನೆ, ಕಲೆಯಾದವನ್ನೂ ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡನ್ನೂ ಕಣ್ಣಲ್ಲೇ ಎಣಿಸುತ್ತ, ಒಂದು ಕಿಲೋ ನೂಲಿಗೆ ಇದು ಏಳು ಕಿಲೋ ಬೇಡೀತೋ ಎಂಟು ಬೇಡೀತೋ ಎಂದು ಲೆಕ್ಕ ಹಾಕುತ್ತಾನೆ. ರೈತನಿಗೆ ಅದೇ ಗೂಡಿನಲ್ಲಿ ಕಾಣುವುದು ಸಾಲ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳು ತನ್ನ ಆಯುಸ್ಸಿನ ಮೇವಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಕೊನೆಯ ಏಳೆಂಟು ದಿನಗಳಲ್ಲೇ ತಿಂದುಬಿಡುತ್ತದೆ, ಆ ದಿನಗಳಲ್ಲೇ ಅವನ ತೋಟದ ಸೊಪ್ಪು ಮುಗಿದು, ಪಕ್ಕದೂರಿನಿಂದ ಕಡ ತಂದಿರುತ್ತಾನೆ. ಸೊಸೆ ಮಾರುಕಟ್ಟೆಗೆ ಬಂದೇ ಇಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟಿಯಾದ ಚಂದ್ರಂಕಿಗೆ ಬಿಡುತ್ತ ಕಳೆದ ರಾತ್ರಿಗಳು, ಬೆರಳಿಂದ ಹೋಗದ ಸೊಪ್ಪಿನ ವಾಸನೆ, ಇವಷ್ಟೇ ಗೂಡಿನ ಬಗ್ಗೆ ಅವಳ ತಿಳಿವು.

ಹಾಗಾದರೆ ಅವಳ ಅಧ್ಯಾಯದಲ್ಲಿ ಹರಾಜನ್ನು ಹೇಳುವುದು ಹೇಗೆ? ಮೊದಲ ಕರಡಿನಲ್ಲಿ "ಗೂಡು ಕಿಲೋಗೆ 15 ರೂಪಾಯಿ ಕಡಿಮೆಗೆ ಹೋಯಿತು" ಎಂದು ಬರೆದಿದ್ದೆ. ತಾನು ಕಾಣದ್ದನ್ನು ಕಂಡವಳಂತೆ ಅವಳು ಹೇಳುವುದು ಸಲ್ಲದೆಂದು "ಹೋಯಿತಂತೆ" ಎಂದು ತಿದ್ದಿದಾಗ ಇಡೀ ಅಧ್ಯಾಯದ ಬಣ್ಣವೇ ಬದಲಾಯಿತು. ಆ "ಅಂತೆ"ಯಲ್ಲಿ ಮಾವ ಬಂದು ಹೇಳಿದ ಮಾತೂ ಇತ್ತು, ಅವಳು ಅದನ್ನು ಪೂರ್ತಿ ನಂಬದಿರುವುದೂ ಇತ್ತು. ಅಲ್ಲಿಂದ ಮುಂದೆ ಪ್ರತಿ ಅಧ್ಯಾಯದಲ್ಲೂ ಪಾತ್ರ ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುತ್ತ ಹೋದೆ. ಕೇಳಿದ್ದಕ್ಕೆ "ಅಂತೆ", ಊಹಿಸಿದ್ದಕ್ಕೆ "ಇರಬೇಕು". ಈ ಬೇಸರದ ಕೆಲಸ ಎರಡು ತಿಂಗಳು ಹಿಡಿಯಿತು.

ವಾಸ್ತವವಾಗಿ ಮಾವ ಸುಳ್ಳು ಹೇಳಿರುತ್ತಾನೆ, ಬೆಲೆ ಇಳಿದಿರುವುದಿಲ್ಲ. ಇದನ್ನು ತಿಳಿಸುವ ರೀಲರನ ಅಧ್ಯಾಯವನ್ನು ನಾನು ಮೊದಲು ಕೊನೆಗಿಟ್ಟು, ಓದುಗರನ್ನು ಬೆಚ್ಚಿಬೀಳಿಸುವ ಹುಮ್ಮಸ್ಸಿನಲ್ಲಿದ್ದೆ. ಆಮೇಲೆ ಅದನ್ನು ಸೊಸೆಯ ಅಧ್ಯಾಯಕ್ಕಿಂತ ಮುಂದಕ್ಕೆ ತಂದೆ. ನಿಜವಾದ ಬೆಲೆ ಓದುಗರಿಗೆ ಗೊತ್ತಿದ್ದು, ಅವಳಿಗೆ ಗೊತ್ತಿಲ್ಲದೆ, ಅವಳು ಮಾವನ ಮುಂದೆ ಅನ್ನದ ತಟ್ಟೆ ಇಡುವ ಆ ಒಂದು ಪುಟ ಬೆಚ್ಚಿಬೀಳಿಸುವ ಹತ್ತು ಪುಟಕ್ಕಿಂತ ಗಟ್ಟಿಯೆಂದು ಈಗಲೂ ನನಗೆ ಅನ್ನಿಸುತ್ತದೆ.

ಸಣ್ಣಪುಟ್ಟ ಗುರುತುಗಳೂ ನೆರವಾದವು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಕಥೆ ಅದರ ಎರಡು ವರ್ಷದ ನಂತರದ್ದಾದರೂ ರೈತನ ಬಾಯಲ್ಲಿ ಇನ್ನೂ "ನಮ್ಮ ಕೋಲಾರ ಜಿಲ್ಲೆ"ಯೇ ಉಳಿದಿದೆ. ರೀಲರನ ಮನೆಯ ಉರ್ದು ನನಗೆ ಬಾರದ್ದರಿಂದ ಅವನ ಮನೆಯೊಳಗಿನ ಎರಡು ದೃಶ್ಯಗಳನ್ನು ಕಿತ್ತುಹಾಕಿದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕ್ರಿಯಾಪದದ ಕೊನೆ. ಒಬ್ಬನೇ ಮನುಷ್ಯ ರೀಲರನ ಅಧ್ಯಾಯದಲ್ಲಿ "ಬಂದ". ಎದುರಿಗೆ "ಬನ್ನಿ ಗೌಡ್ರೇ" ಎಂದು ಕರೆದರೂ ರೀಲರನ ಮನಸ್ಸಿನಲ್ಲಿ ಏಕವಚನವೇ. ಸೊಸೆಯ ಅಧ್ಯಾಯದಲ್ಲಿ "ಮಾವನವರು ಬಂದರು". ಹೆಸರಿನ ಮೇಲೆ ಚೂರು ಅಂಟಿಸಿದರೂ ಈಗ ಒಂದು ಸಾಲಿನಲ್ಲೇ ಅಧ್ಯಾಯ ಯಾರದೆಂದು ತಿಳಿಯುತ್ತದೆ. ಬಚ್ಚಿಟ್ಟ ಹಣ ಅವಳ ಕೈಗೆ ಸಿಗುವ ದಿನ ಮಾತ್ರ "ಬಾಗಿಲಲ್ಲಿ ಮಾವ ನಿಂತಿದ್ದ" ಎಂದು ಬರೆದಿದ್ದೆ. ಕರಡು ತಿದ್ದಿದವರು ಅದನ್ನು ಕೈತಪ್ಪೆಂದು ಭಾವಿಸಿ, ಕೆಂಪು ಮಸಿಯಲ್ಲಿ "ನಿಂತಿದ್ದರು" ಎಂದು ಮಾಡಿದ್ದರು. ನಾನು ಅದನ್ನು ಹೊಡೆದು, ಮತ್ತೆ "ನಿಂತಿದ್ದ" ಎಂದು ಬರೆದು ಕಳುಹಿಸಿದೆ.