ಏಳನೇ ಕ್ಲಾಸ್ ಮುಗಿಸಿದ ಮಗಳನ್ನು ಹೈಸ್ಕೂಲಿಗೆ ಸೇರಿಸುವುದು ಹೀಗೆ

ಯಾದಗಿರಿ ಕಡೆಯ ಹೈಸ್ಕೂಲೊಂದರಲ್ಲಿ ಹಲವು ವರ್ಷ ಅಡ್ಮಿಷನ್ ರಿಜಿಸ್ಟರ್ ಬರೆದಿದ್ದೇನೆ. 2011ರ ಜನಗಣತಿಯಲ್ಲಿ ನೂರಕ್ಕೆ ಸುಮಾರು 41 ಹೆಂಗಸರಿಗಷ್ಟೇ ಓದು ಬರಹ ಬರುತ್ತಿದ್ದ ಜಿಲ್ಲೆ ಇದು. ಒಂದು ಜುಲೈನಲ್ಲಿ, ಎಂಟನೇ ಕ್ಲಾಸಿಗೆ ಬರಬೇಕಿದ್ದ ಹುಡುಗಿ ಬರಲಿಲ್ಲ ಅಂತ ಮನೆಗೇ ಹೋದೆ. "ಟಿ.ಸಿ. ಟ್ರಂಕಿನಾಗ ಜ್ವಾಕಿಲೆ ಇಟ್ಟೀನ್ರಿ ಸರ" ಅಂದರು ತಾಯಿ. ಹುಡುಗಿ ಹತ್ತಿ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಳು. ಓದಿಸಲ್ಲ ಅಂತ ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಊರಿನ ಶಾಲೆ ಏಳಕ್ಕೇ ಮುಗಿದಿತ್ತು, ಮುಂದಿನದು ಮುಂದೆ ನೋಡೋಣ ಅಂದುಕೊಂಡಿದ್ದರು, ಅಷ್ಟೇ.

ಅದಕ್ಕೇ ಮೊದಲ ಮಾತು: ಟಿ.ಸಿ.ಯನ್ನು ಮನೆಗೆ ತರಬೇಡಿ. ಬೆಳಿಗ್ಗೆ ಹಳೇ ಶಾಲೆಯಲ್ಲಿ ತೆಗೆದುಕೊಂಡು, ಅದೇ ದಿನ ಹೈಸ್ಕೂಲಿಗೆ ಕೊಡಿ. ಮಗಳೂ ಜೊತೆಗಿರಲಿ. ಟಿ.ಸಿ. ತಡವಾದರೂ ಹೆದರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ಕ್ಲಾಸಿನವರೆಗೆ ನಿಮ್ಮ ಪರ ಇದೆ. ಟಿ.ಸಿ. ಬಂದಿಲ್ಲ ಅಂತ ಸೇರಿಸಿಕೊಳ್ಳದೆ ಕಳಿಸುವ ಹಾಗಿಲ್ಲ. ಒಂಬತ್ತಕ್ಕೆ ಈ ರಕ್ಷಣೆ ಇಲ್ಲ. ಹಾಗಾಗಿ 'ಒಂದು ವರ್ಷ ಬಿಟ್ಟು ನೋಡೋಣ' ಅನ್ನುವ ಯೋಚನೆ ಬೇಡವೇ ಬೇಡ.

ಅರ್ಜಿ ತುಂಬುವುದು, ಫೋಟೋ ಅಂಟಿಸುವುದು ಸುಲಭ. ಹತ್ತು ನಿಮಿಷದ ಕೆಲಸ.

ಎಲ್ಲರೂ ಎಡವುವುದು ಹೆಸರಿನಲ್ಲಿ. ಟಿ.ಸಿ. ತೆಗೆದುಕೊಳ್ಳುವ ಮೊದಲೇ, ಏಪ್ರಿಲ್‌ನಲ್ಲೇ ಮಾಡಬೇಕಾದ ಕೆಲಸ ಇದು. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್, ನಾಡಕಚೇರಿಯ ಜಾತಿ-ಆದಾಯ ಪತ್ರ, ಪಾಸ್‌ಬುಕ್ ಐದನ್ನೂ ಚಾಪೆಯ ಮೇಲೆ ಸಾಲಾಗಿ ಇಡಿ. ಒಂದೊಂದೇ ಅಕ್ಷರ ಬೆರಳಿಟ್ಟು ಮಗಳೇ ಓದಲಿ. ಭಾಗ್ಯಶ್ರೀ ಅಂತ ಕನ್ನಡದಲ್ಲಿ ಎಲ್ಲ ಕಡೆ ಸರಿಯಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಗೆ ಒಂದು ಐ, ಇನ್ನೊಂದು ಕಡೆ ಎರಡು ಇ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ಇಷ್ಟು ಸಾಕು, ಸ್ಕಾಲರ್‌ಶಿಪ್ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹುಟ್ಟಿದ ತಾರೀಖು ಇನ್ನೂ ಕಷ್ಟ. ನಮ್ಮಲ್ಲಿ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ. ಒಂದನೇ ಕ್ಲಾಸಿಗೆ ಸೇರಿಸುವಾಗ ಮಾಸ್ತರು ಅಂದಾಜಿಗೆ ಬರೆದದ್ದು ಅಲ್ವಾ! ಜನನ ಪ್ರಮಾಣಪತ್ರವನ್ನೇ ಮೂಲ ಅಂತ ಹಿಡಿಯಿರಿ. ಶಾಲೆಯ ದಾಖಲೆ ಅದಕ್ಕೆ ಹೊಂದಿದರೆ ಆಧಾರ್ ಬದಲಾಯಿಸಿ. ಶಾಲೆಯದ್ದೇ ತಪ್ಪಿದ್ದರೆ, ಟಿ.ಸಿ. ಬರೆಯುವ ಮುಂಚೆ ಹೆಡ್ ಮಾಸ್ತರ ಮೂಲಕ ಸರಿಮಾಡಿಸಿ. ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಅದೇ. ಆಧಾರ್‌ನಲ್ಲಿ ಹೆಸರು ತಿದ್ದಲು ಎರಡು ಸಲ ಅವಕಾಶ, ತಾರೀಖಿಗೆ ಒಂದೇ ಸಲ. ಅವಸರ ಮಾಡಿ ಅದನ್ನು ಕಳೆದುಕೊಳ್ಳಬೇಡಿ. 'ಎಲ್ಲಾ ನಾನ್ ಮಾಡಿಸಿಕೊಡ್ತೀನಿ' ಅನ್ನುವ ಏಜೆಂಟರನ್ನು ದೂರವಿಡಿ. ಅವರು ತಿದ್ದಿಸಿದ್ದನ್ನು ಮತ್ತೆ ತಿದ್ದಿಸುವುದರಲ್ಲೇ ನನ್ನ ಎಷ್ಟೋ ಜೂನ್ ತಿಂಗಳು ಹೋಗಿವೆ. ಮೂಲ ಪತ್ರಗಳಿಗೆ ಲ್ಯಾಮಿನೇಷನ್ ಬೇಡ. ಬಿಸಿಲಿಗೆ ಉಬ್ಬಿ, ಸೀಲು ಕಾಣದಂತಾಗುತ್ತದೆ. ಹತ್ತು ರೂಪಾಯಿಯ ಪ್ಲಾಸ್ಟಿಕ್ ಕವರ್ ಸಾಕು.

ಬ್ಯಾಂಕ್ ಖಾತೆ ಮಗಳ ಹೆಸರಿನಲ್ಲೇ ಇರಲಿ, ಪೋಷಕರ ಜಾಗದಲ್ಲಿ ತಾಯಿ. ಆಧಾರ್ ಜೆರಾಕ್ಸ್ ಕೊಟ್ಟು ಬಂದರೆ ಮುಗಿಯಲಿಲ್ಲ. ಸರ್ಕಾರದ ದುಡ್ಡು ಬರಲು ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ನಂಬರಿಗೆ ಈ ಖಾತೆಯ ಜೋಡಣೆ, ಆಗಿರಬೇಕು. ಆ ಪದವನ್ನೇ ಹೇಳಿ ಕೇಳಿ, ಇಲ್ಲದಿದ್ದರೆ ಸುಮ್ನೆ ತಲೆ ಆಡಿಸಿ ಕಳಿಸುತ್ತಾರೆ.

ಹೈಸ್ಕೂಲ್ ದೂರವಿದ್ದರೆ ಹಾಸ್ಟೆಲ್ ಅರ್ಜಿ ಬೇರೆ ಹಾಕಬೇಕು. ಶಾಲೆಗೆ ಸೇರಿದ ತಕ್ಷಣ ಹಾಸ್ಟೆಲ್ ತಾನಾಗಿ ಸಿಗುವುದಿಲ್ಲ. ಹುಡುಗಿಯರಿಗೆಂದೇ ಇರುವ ಸರ್ಕಾರಿ ವಸತಿ ಶಾಲೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಹತ್ತಿರದಲ್ಲಿದ್ದರೆ ನಾನಂತೂ ಅದನ್ನೇ ಮೊದಲು ವಿಚಾರಿಸುತ್ತೇನೆ.

ದಿನಾ ಓಡಾಡುವುದಾದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಗುರುತಿನ ಚೀಟಿ ತೋರಿಸಿದರೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ. ಆದರೆ ಬಸ್ಸೇ ಬರದ ಊರಿಗೆ ಉಚಿತ ಟಿಕೆಟ್ ಏನು ಮಾಡೀತು? ಜೂನ್‌ಗೆ ಮೊದಲೇ ಊರಿನ ನಾಲ್ಕಾರು ತಾಯಂದಿರು ಸೇರಿ ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡಿ. ಬರೀ 'ಬಸ್ ಬಿಡಿ' ಅಂತ ಬರೆಯಬೇಡಿ. ಶಾಲೆಯ ಗಂಟೆ ಎಷ್ಟಕ್ಕೆ ಹೊಡೆಯುತ್ತದೆ, ಸಂಜೆ ಎಷ್ಟಕ್ಕೆ ಬಿಡುತ್ತಾರೆ, ಎಷ್ಟು ಹುಡುಗಿಯರು ಎಲ್ಲಿ ಹತ್ತುತ್ತಾರೆ, ಎಲ್ಲವನ್ನೂ ಬರೆಯಿರಿ. ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಟ್ರಂಕಿನಲ್ಲಿಡಬೇಕಾದ ಕಾಗದ ಅಂದರೆ ಅದು.