ಬ್ಯಾಟರಿ ಒಣಗಿದ ಮೇಲೆ ಶುರುವಾದ ಮನೆ ಲೆಕ್ಕ

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷವೂ ತಡೆಯಲಿಲ್ಲ. ದಾವಣಗೆರೆ ಸೆಕೆ ಗೊತ್ತಲ್ವಾ, ಅಮ್ಮ ಬೆಳಗಿನವರೆಗೂ ಬೀಸಣಿಗೆ ಹಿಡಿದು ಕೂತಿದ್ದರು. ಬೆಳಿಗ್ಗೆ ನೋಡಿದರೆ ಬ್ಯಾಟರಿಯ ಆರೂ ಮುಚ್ಚಳದಲ್ಲಿ ನೀರಿನ ಮಟ್ಟ ತೋರಿಸುವ ಕಡ್ಡಿಗಳು ಕೆಂಪು ಗುರುತಿಗಿಂತ ಕೆಳಗೆ ಇಳಿದಿದ್ದವು. ಡಿಸ್ಟಿಲ್ಡ್ ವಾಟರ್ ಯಾವಾಗ ಹಾಕಿದ್ದೆವು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ವಾರಂಟಿಗೆ ಬಿಲ್ ಹುಡುಕಿದೆ. ಸಿಕ್ಕಿತು, ಆದರೆ ಥರ್ಮಲ್ ಪೇಪರ್. ಅಕ್ಷರವೆಲ್ಲ ಮಾಸಿ ಬರೀ ಬಿಳಿ ಚೀಟಿ ಉಳಿದಿತ್ತು.

ಆಗ ಹೋಮ್‌ಬಾಕ್ಸ್ ಹಾಕಿಕೊಂಡೆ. ಮನೆಯ ಸಾಮಾನು, ಅವುಗಳ ಬಿಲ್ಲು, ರಿಪೇರಿ ಎಲ್ಲವನ್ನೂ ಬರೆದಿಡುವ ಸಾಫ್ಟ್‌ವೇರ್ ಅದು. ಉಚಿತ, ಓಪನ್ ಸೋರ್ಸ್. ಹಳೇ ಲ್ಯಾಪ್‌ಟಾಪ್‌ನಲ್ಲಿ ಡಾಕರ್ (ಇಂಥ ಸಾಫ್ಟ್‌ವೇರ್‌ಗಳನ್ನು ಸುಲಭವಾಗಿ ಓಡಿಸುವ ಪ್ರೋಗ್ರಾಂ) ಹಾಕಿ ಅದರಲ್ಲಿ ಓಡಿಸಿದೆ. ಮನೆ ವೈಫೈನಲ್ಲಿರುವ ಯಾವ ಫೋನಿನಲ್ಲಾದರೂ ತೆರೆಯುತ್ತದೆ. ಮೊದಲು ಮಾಡಿದವರು 2024ರಲ್ಲಿ ನಿಲ್ಲಿಸಿದ್ದಾರೆ, ಈಗ ಬೇರೆ ಗುಂಪು ನಡೆಸುತ್ತಿದೆ. ಹಾಗಾಗಿ ಹೊಸ ಆವೃತ್ತಿಯನ್ನೇ ಹಾಕಿಕೊಳ್ಳಿ.

ಎರಡು ಭಾನುವಾರ ಕೂತು ಮಿಕ್ಸಿ, ಫ್ಯಾನು, ಕುಕ್ಕರ್ ಎಲ್ಲವನ್ನೂ ಸೇರಿಸಿದೆ. ಮೂರನೇ ವಾರ ತೆರೆಯಲೇ ಇಲ್ಲ. ಅಷ್ಟನ್ನೂ ಅಳಿಸಿ, ಮರೆತರೆ ನಷ್ಟವಾಗುವ ಐದನ್ನು ಮಾತ್ರ ಇಟ್ಟುಕೊಂಡೆ: ಬ್ಯಾಟರಿ, ಸಂಪು, ಗೀಸರ್, ನೀರಿನ ಫಿಲ್ಟರ್, ಗ್ಯಾಸ್ ಪೈಪು. ಗ್ಯಾಸ್ ಪೈಪನ್ನು ಐದು ವರ್ಷಕ್ಕೆ ಬದಲಿಸಬೇಕು. ನಮ್ಮದಕ್ಕೆ ಏಳಾಗಿತ್ತು. ಅವತ್ತೇ ಬದಲಿಸಿದೆ.

ಗೀಸರ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮದು ಬೋರ್ ನೀರು, ತುಂಬಾ ಗಡಸು. ಪ್ಲಂಬರ್ ಬಿಚ್ಚಿದಾಗ ಕಾಯಿಲ್ ಮೇಲೆ ಸುಣ್ಣ ಬಳಿದ ಹಾಗೆ ದಪ್ಪ ಬಿಳಿ ಪದರ. ಟ್ಯಾಂಕು ತುಕ್ಕು ಹಿಡಿಯದಿರಲಿ ಅಂತ ಒಳಗೊಂದು ಮೆಗ್ನೀಸಿಯಂ ರಾಡ್ ಇರುತ್ತದೆ, ಟ್ಯಾಂಕಿನ ಬದಲು ಅದು ಸವೆಯುತ್ತದೆ. ನಮ್ಮದು ಸವೆದು ಸವೆದು ತಂತಿಯಷ್ಟಾಗಿತ್ತು. "ಇನ್ನಾರು ತಿಂಗಳು ಬಿಟ್ಟಿದ್ರೆ ಟ್ಯಾಂಕೇ ತೂತು ಬೀಳ್ತಿತ್ತು ಸಾರ್" ಅಂದರು. ಹಳೇ ರಾಡ್, ಹೊಸ ರಾಡ್ ಎರಡರ ಫೋಟೋ ತೆಗೆದೆ. ತಾರೀಖು, ಖರ್ಚು ಬರೆದು ಗೀಸರ್ ಹೆಸರಿನ ಕೆಳಗೆ ಸೇರಿಸಿದೆ. ಅಂಗಡಿಯಿಂದ ಬಂದ ದಿನವೇ ಬಿಲ್ಲಿನ ಫೋಟೋ ಕೂಡ.

ನನ್ನ ಪ್ರಕಾರ ಇದರ ನಿಜವಾದ ಉಪಯೋಗ ಇಲ್ಲಿದೆ. ಬರೀ ನೆನಪಿಸುವುದಾದರೆ ಫೋನಿನ ಅಲಾರಂ ಸಾಕು. ಬರೆಯುತ್ತಾ ಹೋದರೆ ನಮ್ಮ ನೀರಿಗೆ, ನಮ್ಮ ಸೆಕೆಗೆ ಎಷ್ಟು ದಿನಕ್ಕೊಮ್ಮೆ ಕೆಲಸ ಬೀಳುತ್ತದೆ ಅಂತ ಗೊತ್ತಾಗುತ್ತದೆ. ನಮ್ಮ ಬ್ಯಾಟರಿಗೆ ಮಳೆಗಾಲದಲ್ಲಿ ಮೂರು ತಿಂಗಳಿಗೊಮ್ಮೆ ನೀರು ಹಾಕಿದರೆ ಸಾಕು. ಬೇಸಿಗೆಯಲ್ಲಿ ಆರು ವಾರಕ್ಕೇ ಕಡ್ಡಿ ಇಳಿದಿರುತ್ತದೆ. ಒಂದು ಕೆಲಸ ಮುಗಿದ ಕೂಡಲೇ, ಅಲ್ಲೇ ನಿಂತು, ಮುಂದಿನ ತಾರೀಖು ಹಾಕಿಬಿಡುತ್ತೇನೆ. ಆಮೇಲೆ ಅಂದರೆ ಆಗಲ್ಲ.

ಬ್ಯಾಟರಿ ಡಬ್ಬಿಗೆ ಕ್ಯೂಆರ್ ಚೀಟಿ ಅಂಟಿಸಿದ್ದೇನೆ. ಅಮ್ಮ ಫೋನ್ ಹಿಡಿದರೆ ಅದರ ಪುಟ ತೆರೆಯುತ್ತದೆ. "ಲೋ, ಮೂರನೇ ಕಡ್ಡಿ ಕೆಳಗಿದೆ ನೋಡೋ" ಅಂತ ಈಗ ಅವರೇ ಕರೆಯುತ್ತಾರೆ. ಲ್ಯಾಪ್‌ಟಾಪ್ ಹಳೆಯದು, ಯಾವಾಗ ಕೈಕೊಡುತ್ತದೋ ಹೇಳಲಾಗದು. ಅದಕ್ಕೇ ತಿಂಗಳಿಗೊಮ್ಮೆ ಡೇಟಾ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತೇನೆ.

ಈ ಭಾನುವಾರ ಗೀಸರ್ ರಾಡ್ ಮತ್ತೆ ತೆಗೆಸುತ್ತಿದ್ದೇನೆ. ಒಂದು ವರ್ಷದಲ್ಲಿ ಎಷ್ಟು ಸವೆದಿದೆ ಅಂತ ಹಳೇ ಫೋಟೋ ಪಕ್ಕ ಇಟ್ಟು ನೋಡಬೇಕು.